ಷರಾ ಕಾಲಂನಿಂದ ಕಂಪ್ಯೂಟರಿಗೆ: ಒಂದು ಪಠ್ಯಪತ್ರಿಕೆಯ ಹಲವು ರೂಪಗಳು

ಪದವಿ ಪರೀಕ್ಷೆಯ ಅಂಕಪಟ್ಟಿಯನ್ನು ನಾವೆಲ್ಲರೂ ನೋಡಿದ್ದೇವೆ. 'ಭೌತಶಾಸ್ತ್ರ, ಪತ್ರಿಕೆ 3' ಎಂಬ ಒಂದು ಸಾಲು. ಅದರ ಮುಂದೆ ಗರಿಷ್ಠ ಅಂಕ, ಕನಿಷ್ಠ ಅಂಕ, ಗಳಿಸಿದ ಅಂಕ. ನೋಡುವವರ ಕಣ್ಣು ನೇರವಾಗಿ ಗಳಿಸಿದ ಅಂಕದ ಮೇಲೆ ಬೀಳುತ್ತದೆ. ಆದರೆ ಆ ಸಾಲು ಹೇಳುತ್ತಿರುವ ಪತ್ರಿಕೆ ಯಾವುದು? ಯಾವ ವರ್ಷದ ಪಠ್ಯಕ್ರಮ? ಪ್ರಯೋಗ ಸೇರಿತ್ತೆ, ಇಲ್ಲವೆ? ವಾರ್ಷಿಕ ಪದ್ಧತಿಯದೋ ಸೆಮಿಸ್ಟರಿನದೋ? ಯಾರೂ ಕೇಳುವುದಿಲ್ಲ. ತೊಂದರೆ ಬಂದಾಗ ಮಾತ್ರ ಈ ಪ್ರಶ್ನೆಗಳೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತವೆ. ಆಗ ಉತ್ತರ ಸಿಗದಿದ್ದರೆ ಒಬ್ಬ ವಿದ್ಯಾರ್ಥಿಯ ಪದವಿಯೇ ತೂಗುಯ್ಯಾಲೆಯಲ್ಲಿ ಉಳಿಯುತ್ತದೆ.

ಭೌತಶಾಸ್ತ್ರದಲ್ಲಿ ಇಂಥದೇ ಒಂದು ಸನ್ನಿವೇಶ ಹಿಂದೆ ಎದುರಾಗಿತ್ತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ವಿಕಿರಣಶೀಲ ವಸ್ತುಗಳನ್ನು ಪರಿಶೀಲಿಸುತ್ತಿದ್ದವರಿಗೆ ರಾಸಾಯನಿಕವಾಗಿ ಬೇರ್ಪಡಿಸಲಾಗದ, ಆದರೆ ಬೇರೆ ಬೇರೆ ಪರಮಾಣು ತೂಕವಿರುವ ವಸ್ತುಗಳು ಸಿಗತೊಡಗಿದವು. 1913ರಲ್ಲಿ ಫ್ರೆಡರಿಕ್ ಸಾಡಿ ಇವುಗಳಿಗೆ 'ಐಸೊಟೋಪ್' ಎಂಬ ಹೆಸರು ಬಳಸಿದ. ಆವರ್ತಕೋಷ್ಟಕದಲ್ಲಿ ಒಂದೇ ಸ್ಥಾನದಲ್ಲಿ ಕೂರುವಂಥವು ಎಂದು ಅರ್ಥ. ಕನ್ನಡದಲ್ಲಿ ನಾವು 'ಸಮಸ್ಥಾನಿ' ಎನ್ನುತ್ತೇವೆ. ಇಂಗಾಲ-12 ಮತ್ತು ಇಂಗಾಲ-14 ಎರಡೂ ಇಂಗಾಲವೇ. ಉರಿಸಿದರೆ ಎರಡೂ ಕಾರ್ಬನ್ ಡೈಆಕ್ಸೈಡ್ ಆಗುತ್ತವೆ. ಆದರೆ ಇಂಗಾಲ-14 ಸುಮಾರು 5730 ವರ್ಷಗಳ ಅರ್ಧಾಯುವಿನಲ್ಲಿ ಕ್ಷಯಿಸುತ್ತದೆ, ಇಂಗಾಲ-12 ಸ್ಥಿರ. ಒಲೆಯ ಇದ್ದಿಲಿನ ಲೆಕ್ಕಕ್ಕೆ 'ಇಂಗಾಲ' ಎಂದರೆ ಸಾಕು. ಹಳೆಯ ಮರದ ತುಂಡಿನ ವಯಸ್ಸನ್ನು ಹೇಳಬೇಕಾದಾಗ ಸಂಖ್ಯೆಯನ್ನೂ ಬರೆಯಲೇಬೇಕು.

ವಿಶ್ವವಿದ್ಯಾನಿಲಯದ ಪಠ್ಯಪತ್ರಿಕೆಗಳಿಗೂ ಸಮಸ್ಥಾನಿಗಳಿವೆ. ಹೆಸರು ಒಂದೇ, ಸ್ಥಾನ ಒಂದೇ. ಒಳಗಿನ ತೂಕ ಬೇರೆ. ಈ ರೂಪಾಂತರಗಳನ್ನು ದಾಖಲೆಯಲ್ಲಿ ಹೇಗೆ ಇಡಲಾಯಿತು, ಎಲ್ಲಿ ಎಡವಲಾಯಿತು ಎಂಬುದನ್ನು ನಮ್ಮ ಮೈಸೂರಿನ ಅನುಭವದ ಹಿನ್ನೆಲೆಯಲ್ಲಿ ನೋಡೋಣ.

ಎರಡು ಕಾಲೇಜುಗಳ ಕಾಲ

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರ ಜುಲೈ 27ರಂದು. ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ ಅದು. ಕುಲಾಧಿಪತಿಗಳು ನಾಲ್ವಡಿ ಕೃಷ್ಣರಾಜ ಒಡೆಯರು, ಮೊದಲ ಕುಲಪತಿಗಳು ಎಚ್.ವಿ. ನಂಜುಂಡಯ್ಯನವರು. ಅದರ ತೆಕ್ಕೆಗೆ ಬಂದ ಎರಡು ಕಾಲೇಜುಗಳು, ಮೈಸೂರಿನ ಮಹಾರಾಜ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು, ಅಲ್ಲಿಯವರೆಗೆ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಒಂದು ಕಾಲೇಜು ಒಂದು ವಿಶ್ವವಿದ್ಯಾನಿಲಯದಿಂದ ಇನ್ನೊಂದಕ್ಕೆ ಹೋಗುವಾಗ ಕಟ್ಟಡ, ಅಧ್ಯಾಪಕರು, ಪ್ರಯೋಗಶಾಲೆಯ ತಕ್ಕಡಿಗಳು ಎಲ್ಲವೂ ಇದ್ದಲ್ಲೇ ಇರುತ್ತವೆ. ಬದಲಾಗುವುದು ದಾಖಲೆ. ನಿನ್ನೆಯವರೆಗೆ ಒಂದು ನಿಯಮಾವಳಿಯಡಿ ಓದುತ್ತಿದ್ದವನು ಇಂದು ಬೇರೊಂದು ನಿಯಮಾವಳಿಯ ಮುಂದೆ ನಿಲ್ಲುತ್ತಾನೆ. ಅವನು ಈಗಾಗಲೇ ಮುಗಿಸಿದ್ದು ಹೊಸ ವ್ಯವಸ್ಥೆಯಲ್ಲಿ ಯಾವುದಕ್ಕೆ ಸಮ ಎಂದು ಯಾರಾದರೂ ತೀರ್ಮಾನಿಸಬೇಕು, ಆ ತೀರ್ಮಾನವನ್ನು ಯಾರಾದರೂ ಬರೆದಿಡಬೇಕು.

ಮುಂದಿನ ದಶಕಗಳಲ್ಲಿ ಮೈಸೂರು ಈ ಪ್ರಶ್ನೆಯನ್ನು ಎದುರು ದಿಕ್ಕಿನಿಂದಲೂ ಕಂಡಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಆರಂಭವಾದಾಗ ಸೆಂಟ್ರಲ್ ಕಾಲೇಜು ಅದರ ಪಾಲಾಯಿತು. 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಬೇರೆಯಾದವು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ ಬಂದಮೇಲೆ ವೈದ್ಯಕೀಯ ಕಾಲೇಜುಗಳೂ, 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ ಬಂದಮೇಲೆ ಎಂಜಿನಿಯರಿಂಗ್ ಕಾಲೇಜುಗಳೂ ಹೊರಟವು. ಪ್ರತಿ ಸಲವೂ ಒಂದಷ್ಟು ವಿದ್ಯಾರ್ಥಿಗಳು ಎರಡು ವ್ಯವಸ್ಥೆಗಳ ನಡುವಿನ ಸೇತುವೆಯ ಮೇಲಿದ್ದರು. ಹೊಸದಾಗಿ ಸೇರುವವರಿಗೆ ಹೊಸ ವಿಶ್ವವಿದ್ಯಾನಿಲಯ, ಮೊದಲೇ ಸೇರಿದವರಿಗೆ ಹಳೆಯದು ಎಂಬ ಸೂತ್ರ ಸುಲಭವಾಗಿ ಕಾಣುತ್ತದೆ. ಆದರೆ ಮೊದಲೇ ಸೇರಿದವರಲ್ಲಿ ಎಲ್ಲರೂ ಒಂದೇ ಏಟಿಗೆ ಪಾಸಾಗುವುದಿಲ್ಲವಲ್ಲ!

ರೂಪಾಂತರಗಳು ಹುಟ್ಟಿದ ಬಗೆ

ಪತ್ರಿಕೆಯ ರೂಪ ಬದಲಾಗಲು ವರ್ಷ ಉರುಳುವುದೊಂದೇ ಕಾರಣವಲ್ಲ. ಒಂದೇ ವರ್ಷದಲ್ಲಿ, ಒಂದೇ ಊರಿನಲ್ಲಿ, ಒಂದೇ ವಿಷಯ ಹಲವು ರೂಪಗಳಲ್ಲಿ ಇರಬಹುದು. ಮೈಸೂರಿನಲ್ಲಿ ಇದಕ್ಕೆ ಒಳ್ಳೆಯ ನಿದರ್ಶನಗಳಿವೆ.

ಮೊದಲನೆಯದು ಭಾಷೆ. ಕುವೆಂಪು 1956ರಿಂದ 1960ರವರೆಗೆ ಕುಲಪತಿಗಳಾಗಿದ್ದರು. ಉನ್ನತ ಶಿಕ್ಷಣ ಕನ್ನಡದಲ್ಲಿಯೂ ದೊರೆಯಬೇಕೆಂಬುದು ಅವರ ದೃಢ ನಿಲುವಾಗಿತ್ತು. 1966ರಲ್ಲಿ ಮಾನಸಗಂಗೋತ್ರಿಯಲ್ಲಿ ಕನ್ನಡ ಅಧ್ಯಯನ ಸಂಸ್ಥೆ ರೂಪುಗೊಂಡಿತು. ವಿಜ್ಞಾನ ವಿಷಯಗಳ ಕನ್ನಡ ಪಠ್ಯಗಳ ಕೆಲಸಕ್ಕೆ ಬಲ ಬಂದಿತು. ಒಂದೇ ಪತ್ರಿಕೆಯನ್ನು ಒಬ್ಬ ಇಂಗ್ಲಿಷಿನಲ್ಲಿ, ಇನ್ನೊಬ್ಬ ಕನ್ನಡದಲ್ಲಿ ಬರೆದರೆ ಅವು ಎರಡು ಪತ್ರಿಕೆಗಳೆ? ಅಲ್ಲ. 'ಸಂವೇಗದ ಸಂರಕ್ಷಣೆ' ಎಂದರೂ 'ಮೊಮೆಂಟಮ್ ಕನ್ಸರ್ವೇಶನ್' ಎಂದರೂ ಎರಡು ಗೋಲಿಗಳು ಡಿಕ್ಕಿ ಹೊಡೆಯುವ ರೀತಿ ಬದಲಾಗದು. ಇಲ್ಲಿ ಮಾಧ್ಯಮ ಬದಲಾಗಿದೆ, ವಸ್ತು ಬದಲಾಗಿಲ್ಲ.

ಎರಡನೆಯದು ಉದ್ದೇಶ. 1963ರಲ್ಲಿ ಮೈಸೂರಿನಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಕಾಲೇಜು, ಅಂದರೆ ಇಂದಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ವಿಜ್ಞಾನ ಪದವಿಯನ್ನೂ ಶಿಕ್ಷಕರ ತರಬೇತಿಯನ್ನೂ ಸೇರಿಸಿದ ನಾಲ್ಕು ವರ್ಷಗಳ ಸಂಯೋಜಿತ ಪದವಿಗೆ ಹೆಸರಾಯಿತು. ಅಲ್ಲಿ ಭೌತಶಾಸ್ತ್ರ ಕಲಿಯುವವನು ನಾಳೆ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವವನು. 1960ರ ದಶಕದ ಮಧ್ಯದಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ವಿದ್ಯಾರ್ಥಿಗೆ ಧ್ವನಿಶಾಸ್ತ್ರ ಎಂದರೆ ಅಲೆಯ ಸಮೀಕರಣವಷ್ಟೇ ಅಲ್ಲ, ಡೆಸಿಬೆಲ್ ಮಾಪನ, ಕಿವಿಯ ಸಂವೇದನೆ, ಶ್ರವಣ ಪರೀಕ್ಷೆ. ವಿಜ್ಞಾನ ಪದವಿಯ ಧ್ವನಿಶಾಸ್ತ್ರದ ಭಾಗವನ್ನು ಇಲ್ಲಿ ಹಾಗೆಯೇ ತಂದಿಟ್ಟರೆ ಪ್ರಯೋಜನವಿಲ್ಲ. ವಸ್ತು ಸಮೀಪದ್ದೇ ಆದರೂ ಇವು ನಿಜವಾಗಿ ಬೇರೆ ಪತ್ರಿಕೆಗಳು.

ಮೂರನೆಯದು ಕಲಿಯುವ ರೀತಿ. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಂಚೆ ಶಿಕ್ಷಣ ಆರಂಭವಾಯಿತು. ಅದೇ ಬೇರಿನಿಂದ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಬೆಳೆಯಿತು. ತರಗತಿಗೆ ಬರದೆ, ಅಂಚೆಯಲ್ಲಿ ಬಂದ ಪಾಠಗಳನ್ನು ಓದುವ ವಿದ್ಯಾರ್ಥಿಗೆ ಹಾಜರಾತಿಯ ನಿಯಮ ಅನ್ವಯಿಸದು. ಪಠ್ಯ ಒಂದೇ ಆದರೂ ಮೌಲ್ಯಮಾಪನದ ಕ್ರಮ ಬೇರೆಯಾಗಬೇಕಾಗುತ್ತದೆ.

ನಾಲ್ಕನೆಯದು ವಿದ್ಯಾರ್ಥಿಯ ದೇಹಸ್ಥಿತಿ. 1995ರ ಅಂಗವಿಕಲರ ಕಾಯಿದೆಯಲ್ಲಿಯೇ ಅಂಧರಿಗೆ ಪರೀಕ್ಷಾ ಪದ್ಧತಿಯನ್ನು ಮಾರ್ಪಡಿಸುವ, ಶ್ರವಣದೋಷವುಳ್ಳವರಿಗೆ ಒಂದೇ ಭಾಷೆ ಕಲಿಯಲು ಅನುವಾಗುವಂತೆ ಪಠ್ಯಕ್ರಮವನ್ನು ಹೊಂದಿಸುವ ಮಾತಿತ್ತು. 2016ರ ಕಾಯಿದೆಯ 17ನೆಯ ಪ್ರಕರಣ ಇನ್ನೂ ಸ್ಪಷ್ಟವಾಗಿ, ಹೆಚ್ಚುವರಿ ಸಮಯ, ಲಿಪಿಕಾರನ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಮುಂತಾದ ಮಾರ್ಪಾಡುಗಳನ್ನು ಹೇಳುತ್ತದೆ. ಇದನ್ನು ದಾಖಲಿಸುವುದರಲ್ಲಿ ಒಂದು ಸೂಕ್ಷ್ಮವಿದೆ. ಮಾರ್ಪಾಡು ಮಾಡಿದ್ದು ಕಚೇರಿಗೆ ತಿಳಿದಿರಬೇಕು, ಇಲ್ಲದಿದ್ದರೆ ಫಲಿತಾಂಶವೇ ತಡೆಯಲ್ಪಡುತ್ತದೆ. ಆದರೆ ಅದು ಅಂಕಪಟ್ಟಿಯ ಮೇಲೆ ಕೀಳು ದರ್ಜೆಯ ಮುದ್ರೆಯಾಗಿ ಬೀಳಬಾರದು. ಹೆಚ್ಚು ಸಮಯ ಪಡೆದು ಬರೆದ ನ್ಯೂಟನ್ನನ ನಿಯಮ ಕಡಿಮೆ ನ್ಯೂಟನ್ನನದಲ್ಲ.

ಈ ನಾಲ್ಕನ್ನೂ ಜೋಡಿಸಿ ನೋಡಿದರೆ ಒಂದು ಮಾನದಂಡ ಹೊರಡುತ್ತದೆ. ವಸ್ತು ಬದಲಾದರೆ ಅದು ಬೇರೆ ಪತ್ರಿಕೆ ಅಥವಾ ಬೇರೆ ಆವೃತ್ತಿ. ವಸ್ತು ಉಳಿದು ಮಾಧ್ಯಮ, ಸಮಯ, ಸ್ಥಳ, ಮೌಲ್ಯಮಾಪನದ ಕ್ರಮ ಬದಲಾದರೆ ಅದು ಅದೇ ಪತ್ರಿಕೆಯ ರೂಪಾಂತರ. ದಾಖಲೆಯ ವ್ಯವಸ್ಥೆ ಈ ಎರಡನ್ನು ಗೊಂದಲಗೊಳಿಸಬಾರದು.

ಷರಾ ಎಂಬ ಕಾಲಂ

ಕಂಪ್ಯೂಟರ್ ಬರುವ ಮುಂಚೆ ಈ ಎಲ್ಲ ಭಾರವನ್ನು ಹೊತ್ತದ್ದು ಟ್ಯಾಬ್ಯುಲೇಶನ್ ರಿಜಿಸ್ಟರ್. ಅಗಲವಾದ ಹಾಳೆ, ರಟ್ಟಿನ ಬೈಂಡು, ಎಡಗಡೆ ನೋಂದಣಿ ಸಂಖ್ಯೆ ಮತ್ತು ಹೆಸರು, ನಡುವೆ ವಿಷಯವಾರು ಅಂಕಗಳು, ಬಲತುದಿಯಲ್ಲಿ ಒಟ್ಟು, ದರ್ಜೆ. ಎಲ್ಲಕ್ಕಿಂತ ಕೊನೆಗೆ 'ಷರಾ'. ನಮ್ಮ ಸರ್ಕಾರಿ ಕಡತಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಈ ಪದ ಎಲ್ಲ ಗುಮಾಸ್ತರಿಗೂ ಪರಿಚಿತ. ಉಳಿದ ಯಾವ ಕಾಲಂನಲ್ಲಿಯೂ ಹಿಡಿಸದ ಸಂಗತಿಗೆ ಅಲ್ಲಿ ಜಾಗ. 'ಹಳೆಯ ಸ್ಕೀಮು', 'ಪ್ರಾಯೋಗಿಕದಿಂದ ವಿನಾಯಿತಿ', 'ಬೇರೆ ವಿಶ್ವವಿದ್ಯಾನಿಲಯದಿಂದ ವರ್ಗ, ಆದೇಶ ನೋಡಿ' ಎಂಬಂಥ ಎರಡು ಮೂರು ಪದಗಳು, ಪಕ್ಕದಲ್ಲಿ ಒಂದು ಕಿರುಸಹಿ.

ಈ ಪದ್ಧತಿಗೆ ಎರಡು ಗುಣಗಳಿದ್ದವು. ಒಂದು, ಬರೆದದ್ದನ್ನು ಅಳಿಸುವಂತಿರಲಿಲ್ಲ. ತಿದ್ದಿದರೆ ಹೊಡೆದುಹಾಕಿದ ಅಂಕಿಯೂ ಕಾಣುತ್ತಿತ್ತು, ತಿದ್ದಿದವರ ಸಹಿಯೂ ಕಾಣುತ್ತಿತ್ತು. ಎರಡು, ಅಪವಾದಕ್ಕೆ ಜಾಗವಿತ್ತು. ದೋಷವೂ ದೊಡ್ಡದೇ. ಷರಾ ಓದಿ ಅರ್ಥಮಾಡಿಕೊಳ್ಳುವವರು ಅದನ್ನು ಬರೆದವರು ಅಥವಾ ಅವರ ಪಕ್ಕದ ಮೇಜಿನವರು ಮಾತ್ರ. ಅವರು ನಿವೃತ್ತರಾದರೆ ಅರ್ಥವೂ ನಿವೃತ್ತಿಯಾಗುತ್ತಿತ್ತು. ಒಂದು ಷರಾ ಹುಡುಕಲು ನೂರು ಹಾಳೆ ತಿರುವಬೇಕಾಗಿತ್ತು.

ಯಂತ್ರದಿಂದ ಎಣಿಸುವ ವಿದ್ಯೆ ಆಗಲೇ ಲೋಕದಲ್ಲಿತ್ತು. ಹರ್ಮನ್ ಹೊಲೆರಿತ್ ರೂಪಿಸಿದ ರಂಧ್ರಪತ್ರದ ಯಂತ್ರಗಳನ್ನು ಅಮೆರಿಕದ 1890ರ ಜನಗಣತಿಯಲ್ಲಿ ಬಳಸಲಾಯಿತು. ರಂಧ್ರಪತ್ರದ ಪ್ರತಿ ಕಾಲಂಗೂ ನಿಗದಿಯಾದ ಅರ್ಥ, ನಿಗದಿಯಾದ ಅಗಲ. ವೇಗ ದೊರೆಯಿತು, ಆದರೆ ಷರಾಕ್ಕೆ ಜಾಗವಿರಲಿಲ್ಲ. ನಮ್ಮ ಕಡೆ 1990ರ ದಶಕದಲ್ಲಿ ಕಾಲೇಜು, ವಿಶ್ವವಿದ್ಯಾನಿಲಯಗಳ ಫಲಿತಾಂಶದ ಕೆಲಸ ಕಂಪ್ಯೂಟರಿಗೆ ಏರತೊಡಗಿದಾಗಲೂ ಹಲವು ಕಡೆ ಆದದ್ದು ಇದೇ. ರಿಜಿಸ್ಟರಿನ ಕಾಲಂಗಳೆಲ್ಲ ಪರದೆಯ ಮೇಲೆ ಬಂದವು. ಕೊನೆಯ ಕಾಲಂ ಮಾತ್ರ ಬರಲಿಲ್ಲ.

ಒಂದು ಪ್ರಸಂಗ

ಇದರ ಪರಿಣಾಮವನ್ನು ನಾನು ಹತ್ತಿರದಿಂದ ಕಂಡೆ. 2000ದ ದಶಕದಲ್ಲಿ ಪದವಿ ತರಗತಿಗಳು ವಾರ್ಷಿಕ ಪದ್ಧತಿಯಿಂದ ಸೆಮಿಸ್ಟರಿಗೆ ತಿರುಗಿದವು. ಒಂದು ವರ್ಷದ ಪತ್ರಿಕೆಯನ್ನು ಎರಡು ಸೆಮಿಸ್ಟರುಗಳಿಗೆ ಹಂಚಬೇಕಾಯಿತು. ಹಳೆಯ ಪತ್ರಿಕೆ ಬಾಕಿ ಉಳಿಸಿಕೊಂಡವರಿಗೆ ಹೊಸದರಲ್ಲಿ ಯಾವುದು ತತ್ಸಮ ಎಂಬ ಪಟ್ಟಿಯನ್ನು ಸಿದ್ಧಪಡಿಸಲು ನಮ್ಮಲ್ಲಿ ನಾಲ್ಕೈದು ಜನರನ್ನು ಕೂರಿಸಿದರು. ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಸಿದೆವು. ಹಳೆಯ ಮೂರನೆಯ ವರ್ಷದ ಒಂದು ಪತ್ರಿಕೆಗೆ ಎದುರಾಗಿ ಐದನೆಯ ಮತ್ತು ಆರನೆಯ ಸೆಮಿಸ್ಟರಿನ ಎರಡು ಪತ್ರಿಕೆಗಳನ್ನು ಬರೆದು, ಸಹಿ ಹಾಕಿ, ಕಾಫಿ ಕುಡಿದು ಎದ್ದೆವು.

ಒಂದೆರಡು ವರ್ಷಗಳ ಮೇಲೆ ಹಳೆಯ ವಿದ್ಯಾರ್ಥಿಯೊಬ್ಬ ನನ್ನನ್ನು ಹುಡುಕಿಕೊಂಡು ಬಂದ. ರೈತರ ಮನೆಯ ಹುಡುಗ. ಅಂತಿಮ ವರ್ಷದಲ್ಲಿ ಅದೊಂದು ಪತ್ರಿಕೆ ಉಳಿದು, ಮನೆಯ ಕಷ್ಟಕ್ಕೆ ಕೆಲಸಕ್ಕೆ ಸೇರಿದ್ದವನು. "ಎರಡೂ ಪೇಪರ್ ಬರೆದು ಪಾಸು ಮಾಡಿದೀನಿ ಸಾರ್, ಆದರೂ ರಿಸಲ್ಟ್ ಪೂರ್ತಿ ಆಗಿಲ್ಲ ಅಂತಿದಾರೆ" ಎಂದ. ವಿಚಾರಿಸಿದಾಗ ತಿಳಿದದ್ದು ಇಷ್ಟು: ಹೊಸ ಪದ್ಧತಿಯಲ್ಲಿ ಪ್ರತಿ ಸೆಮಿಸ್ಟರಿನ ಪತ್ರಿಕೆಗೂ ಒಂದು ಪ್ರಾಯೋಗಿಕ ಪರೀಕ್ಷೆ ಜೋಡಿಸಿತ್ತು. ಅವನು ಪ್ರಾಯೋಗಿಕವನ್ನು ಹಳೆಯ ಪದ್ಧತಿಯಲ್ಲಿ ಎಂದೋ ಪಾಸು ಮಾಡಿದ್ದ. ಕಂಪ್ಯೂಟರಿನ ಪ್ರೋಗ್ರಾಂ ಒಬ್ಬ ವಿದ್ಯಾರ್ಥಿಗೆ ಒಂದೇ ಸ್ಕೀಮು ಎಂದು ನಂಬಿತ್ತು. ಅದರ ದೃಷ್ಟಿಯಲ್ಲಿ ಅವನು ಎರಡು ಪ್ರಾಯೋಗಿಕ ಪರೀಕ್ಷೆಗಳಿಗೆ ಗೈರುಹಾಜರು!

ತಪ್ಪು ಪ್ರೋಗ್ರಾಂ ಬರೆದವರದ್ದು ಎನ್ನುವುದು ಸುಲಭ. ನಾನು ನಮ್ಮ ಪಟ್ಟಿಯನ್ನು ತೆಗೆದು ನೋಡಿದೆ. ಅದರಲ್ಲಿ ಪ್ರಾಯೋಗಿಕದ ಮಾತೇ ಇರಲಿಲ್ಲ. ನಾವು ಸಿದ್ಧಾಂತದ ಪತ್ರಿಕೆಗಳನ್ನಷ್ಟೇ ಎದುರುಬದುರು ಕೂರಿಸಿ, ಉಳಿದದ್ದು ಕಚೇರಿಗೆ ಗೊತ್ತಾಗುತ್ತದೆ ಎಂದುಕೊಂಡಿದ್ದೆವು. ಹಿಂದಿನ ಕಾಲದಲ್ಲಾದರೆ ಗೊತ್ತಾಗುತ್ತಿತ್ತು. ಯಾರೋ ಒಬ್ಬ ಅನುಭವಿ ಗುಮಾಸ್ತ ಷರಾ ಬರೆದು ಮುಗಿಸುತ್ತಿದ್ದ. ಯಂತ್ರಕ್ಕೆ ನಾವು ಹೇಳದೆ ಬಿಟ್ಟದ್ದು ಗೊತ್ತಾಗಲಿಲ್ಲ. ಹಳೆಯ ರಿಜಿಸ್ಟರನ್ನು ಹುಡುಕಿಸಿ, ಪಟ್ಟಿಗೆ ತಿದ್ದುಪಡಿ ತಂದು, ಅದು ಸಭೆಯಿಂದ ಸಭೆಗೆ ಹೋಗಿ ಒಪ್ಪಿಗೆ ಪಡೆಯುವಷ್ಟರಲ್ಲಿ ಒಂದೂವರೆ ವರ್ಷ ಕಳೆಯಿತು. ಈ ನಡುವೆ ಅವನು ಕಾಯುತ್ತಿದ್ದ ಒಂದು ನೇಮಕಾತಿ ಬಂದು ಹೋಯಿತು. ಪದವಿ ಪತ್ರ ಕೈಗೆ ಬಂದ ದಿನ ಅವನು ನನಗೆ ಸಿಹಿ ತಂದುಕೊಟ್ಟ. ಅದನ್ನು ತಿನ್ನುವುದು ನನಗೆ ಸುಲಭವಾಗಿರಲಿಲ್ಲ.

ಕ್ರೆಡಿಟ್ ಎಂಬ ನಾಣ್ಯ

ಪತ್ರಿಕೆಗಳನ್ನು ಹೋಲಿಸಲು ಒಂದು ಸಾಮಾನ್ಯ ಅಳತೆಗೋಲು ಬೇಕೆಂಬ ಯೋಚನೆ ಹಳೆಯದು. ಅಮೆರಿಕದ ಹಾರ್ವರ್ಡಿನಲ್ಲಿ 1869ರಿಂದ 1909ರವರೆಗೆ ಅಧ್ಯಕ್ಷನಾಗಿದ್ದ ಚಾರ್ಲ್ಸ್ ಎಲಿಯಟ್, ವಿದ್ಯಾರ್ಥಿಯೇ ವಿಷಯಗಳನ್ನು ಆರಿಸಿಕೊಳ್ಳುವ ಪದ್ಧತಿಯನ್ನು ವಿಸ್ತರಿಸಿದ. ಎಲ್ಲರೂ ಒಂದೇ ಪಾಠ ಓದುವಾಗ ಲೆಕ್ಕ ಬೇಡ. ಒಬ್ಬೊಬ್ಬರು ಒಂದೊಂದು ಓದುವಾಗ ಪದವಿಗೆ ಎಷ್ಟು ಸಾಕು ಎಂದು ಅಳೆಯಬೇಕಾಗುತ್ತದೆ. 1906ರ ಹೊತ್ತಿಗೆ ಬಂದ 'ಕಾರ್ನೆಗಿ ಯೂನಿಟ್' ತರಗತಿಯ ಗಂಟೆಗಳನ್ನೇ ಅಳತೆಗೋಲಾಗಿ ಮಾಡಿತು. ಯುರೋಪಿನಲ್ಲಿ ಒಂದು ದೇಶದ ವಿದ್ಯಾರ್ಥಿ ಇನ್ನೊಂದು ದೇಶದಲ್ಲಿ ಕೆಲಕಾಲ ಓದಿ ಬರಲು ಅನುವಾಗಲೆಂದು 1989ರಲ್ಲಿ ಕ್ರೆಡಿಟ್ ವರ್ಗಾವಣೆಯ ವ್ಯವಸ್ಥೆ ಆರಂಭವಾಯಿತು. ಅಲ್ಲಿ ಒಂದು ಪೂರ್ಣ ವರ್ಷದ ಓದಿಗೆ 60 ಕ್ರೆಡಿಟ್.

ನಮ್ಮಲ್ಲಿ ವಾರಕ್ಕೆ ಒಂದು ಗಂಟೆ ಪಾಠ, ಅಥವಾ ಎರಡು ಗಂಟೆ ಪ್ರಯೋಗ, ಒಂದು ಸೆಮಿಸ್ಟರ್ ನಡೆದರೆ ಒಂದು ಕ್ರೆಡಿಟ್. ಮೈಸೂರು ವಿಶ್ವವಿದ್ಯಾನಿಲಯ ಸ್ನಾತಕೋತ್ತರ ತರಗತಿಗಳಿಗೆ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ ತಂದಾಗ 'ಹಾರ್ಡ್ ಕೋರ್', 'ಸಾಫ್ಟ್ ಕೋರ್', 'ಮುಕ್ತ ಆಯ್ಕೆ' ಎಂಬ ವಿಂಗಡಣೆ ಬಂದಿತು. ಪಾಠ, ಟ್ಯುಟೋರಿಯಲ್, ಪ್ರಯೋಗಗಳ ಅನುಪಾತವನ್ನು ಪ್ರತಿ ಪತ್ರಿಕೆಯ ಮುಂದೆ ಬರೆಯುವ ರೂಢಿಯಾಯಿತು. ಒಂದು ವಿಭಾಗದ ಪತ್ರಿಕೆಯನ್ನು ಇನ್ನೊಂದು ವಿಭಾಗದ ವಿದ್ಯಾರ್ಥಿ ಓದುವುದು ಆಗ ಸಾಮಾನ್ಯವಾಯಿತು. ಭೌತಶಾಸ್ತ್ರ ವಿಭಾಗ ತನ್ನ ವಿದ್ಯಾರ್ಥಿಗಳಿಗೆ ಕಲಿಸುವ ವಿಷಯವನ್ನೇ ಗಣಿತದ ಹೊರೆ ಇಳಿಸಿ ಹೊರಗಿನವರಿಗೆ ಮುಕ್ತ ಆಯ್ಕೆಯಾಗಿ ಕೊಡುವಾಗ ಒಂದೇ ವಿಷಯಕ್ಕೆ ಎರಡು ರೂಪಗಳು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕ್ರೆಡಿಟ್ ಪರಿಮಾಣವನ್ನು ಹೇಳುತ್ತದೆ, ಗುಣವನ್ನಲ್ಲ. 4 ಕ್ರೆಡಿಟ್‌ನ ಕ್ವಾಂಟಂ ಯಂತ್ರಶಾಸ್ತ್ರವೂ 4 ಕ್ರೆಡಿಟ್‌ನ ಖಗೋಳ ಪರಿಚಯವೂ ಲೆಕ್ಕದಲ್ಲಿ ಸಮ. ಒಂದು ಕಿಲೋಗ್ರಾಂ ಹತ್ತಿ, ಒಂದು ಕಿಲೋಗ್ರಾಂ ಕಬ್ಬಿಣ ತಕ್ಕಡಿಯಲ್ಲಿ ಸಮನಾದಂತೆ. ಆದುದರಿಂದ ಕ್ರೆಡಿಟ್ ಬಂದ ಮಾತ್ರಕ್ಕೆ ಆವೃತ್ತಿಯ ದಾಖಲೆಯ ಅಗತ್ಯ ಕಡಿಮೆಯಾಗಲಿಲ್ಲ. ಹೆಚ್ಚಾಯಿತು.

ಆರು ವರ್ಷ, ಮೂರು ಪದ್ಧತಿ

ಮೈಸೂರು ವಿಶ್ವವಿದ್ಯಾನಿಲಯದಲ್ಲಿ 2018–19ರಲ್ಲಿ ಪದವಿ ತರಗತಿಗಳಿಗೂ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ ಬಂದಿತು. ಅದು ಮೂರು ವರ್ಷ ತುಂಬುತ್ತಿದ್ದಂತೆ, 2021–22ರಲ್ಲಿ, ರಾಷ್ಟ್ರೀಯ ಶಿಕ್ಷಣ ನೀತಿ 2020ರ ಪ್ರಕಾರ ನಾಲ್ಕು ವರ್ಷಗಳ ಪದವಿಯನ್ನು ಕರ್ನಾಟಕ ಜಾರಿಗೆ ತಂದಿತು. ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್ ಎಂಬ ನಿರ್ಗಮನದ ಬಾಗಿಲುಗಳು ಅದರಲ್ಲಿದ್ದವು. ಪ್ರವೇಶದಿಂದ ಫಲಿತಾಂಶದವರೆಗಿನ ಕೆಲಸವನ್ನು ರಾಜ್ಯದ ವಿಶ್ವವಿದ್ಯಾನಿಲಯಗಳಿಗೆಲ್ಲ ಒಂದೇ ಜಾಲದಲ್ಲಿ ತರುವ ಏಕೀಕೃತ ನಿರ್ವಹಣಾ ವ್ಯವಸ್ಥೆಯೂ (ಯುಯುಸಿಎಂಎಸ್) ಆಗಲೇ ಬಳಕೆಗೆ ಬಂದಿತು. 2024ರ ಮೇ ತಿಂಗಳಲ್ಲಿ, ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಅನುಸರಿಸಿ, 2024–25ರಿಂದ ಮತ್ತೆ ಮೂರು ವರ್ಷಗಳ ಪದವಿಗೆ ಮರಳಲು ಸರ್ಕಾರ ಆದೇಶಿಸಿತು.

ಈ ನೀತಿಗಳ ಸರಿತಪ್ಪುಗಳ ಚರ್ಚೆ ಇಲ್ಲಿ ನಮ್ಮ ಉದ್ದೇಶವಲ್ಲ. ದಾಖಲೆಯ ದೃಷ್ಟಿಯಿಂದ ಮಾತ್ರ ನೋಡೋಣ. 2018ರಿಂದ 2024ರ ಒಳಗೆ ಸೇರಿದ ಮೂವರು ಅಣ್ಣತಮ್ಮಂದಿರು ಒಂದೇ ಕಾಲೇಜಿನಲ್ಲಿ, ಒಂದೇ ಪ್ರಯೋಗಶಾಲೆಯಲ್ಲಿ, ಅದೇ ಲೋಲಕವನ್ನು ತೂಗಿಸಿ ಗುರುತ್ವ ವೇಗೋತ್ಕರ್ಷವನ್ನು ಅಳೆದಿರಬಹುದು. ಮೂವರ ಅಂಕಪಟ್ಟಿಗಳೂ ಬೇರೆ ಬೇರೆ ಪದ್ಧತಿಯವು. ಹಿರಿಯವನಿಗೆ ಒಂದು ಪತ್ರಿಕೆ ಬಾಕಿ ಇದ್ದರೆ ಅವನಿಗೆ ಬೇಕಾದದ್ದು 2018ರ ಆವೃತ್ತಿಯ ಪ್ರಶ್ನೆಪತ್ರಿಕೆ. ಕಿರಿಯವನದು ಅವನಿಗೆ ನಡೆಯದು.

ಇದರ ಜೊತೆಗೆ 2021ರ ಜುಲೈನಲ್ಲಿ ಯುಜಿಸಿ 'ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್' ನಿಯಮಾವಳಿಯನ್ನು ತಂದಿತು. ಬ್ಯಾಂಕಿನಲ್ಲಿ ಹಣವಿಟ್ಟಂತೆ ಕ್ರೆಡಿಟ್ ಕೂಡಿಡಬಹುದು, ಗರಿಷ್ಠ 7 ವರ್ಷಗಳೊಳಗೆ ಅವನ್ನು ಪದವಿಗೆ ಬಳಸಿಕೊಳ್ಳಬಹುದು. ಹೋಲಿಕೆ ಚೆನ್ನಾಗಿದೆ, ಪೂರ್ಣವಲ್ಲ. ಬ್ಯಾಂಕಿನ ನೂರು ರೂಪಾಯಿ ಎಲ್ಲಿಂದ ಬಂದರೂ ನೂರೇ. ಕ್ರೆಡಿಟ್ ಎಲ್ಲಿಂದ, ಯಾವ ಆವೃತ್ತಿಯಿಂದ ಬಂತೆಂಬುದು ಏಳು ವರ್ಷಗಳ ಮೇಲೂ ಕೇಳಲ್ಪಡುತ್ತದೆ.

ದಾಖಲೆ ಹೇಗಿರಬೇಕು?

1970ರಲ್ಲಿ ಎಡ್ಗರ್ ಕಾಡ್ ಎಂಬ ಗಣಿತಜ್ಞ ದತ್ತಸಂಚಯದ ಸಂಬಂಧಾತ್ಮಕ ಮಾದರಿಯನ್ನು ಪ್ರಕಟಿಸಿದ. ಮುಂದೆ ಅದರಿಂದ ಬೆಳೆದ ಶಿಸ್ತಿನ ತಿರುಳನ್ನು ಸರಳವಾಗಿ ಹೇಳುವುದಾದರೆ: ಒಂದು ಸಂಗತಿಯನ್ನು ಒಂದೇ ಕಡೆ ಬರೆ, ಬೇರೆ ಬೇರೆ ಸಂಗತಿಗಳನ್ನು ಒಂದೇ ಕಡೆ ತುರುಕಬೇಡ. ನಮ್ಮ ವಿಷಯಕ್ಕೆ ಇದನ್ನು ಅನ್ವಯಿಸಿದರೆ ನಾಲ್ಕು ಪ್ರತ್ಯೇಕ ಕೋಷ್ಟಕಗಳು ಬೇಕೆಂದು ತಿಳಿಯುತ್ತದೆ.

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. 'ಭೌ-301, ದ್ಯುತಿಶಾಸ್ತ್ರ' ಎಂಬುದು ಪತ್ರಿಕೆಯ ಗುರುತು. ಇದು ಎಂದೂ ಬದಲಾಗದು, ಬೇರೆ ಪತ್ರಿಕೆಗೆ ಮರುಬಳಕೆಯಾಗದು. ಎರಡನೆಯದು ಆವೃತ್ತಿ: ಭೌ-301ರ 2018ರ ರೂಪ, 2021ರ ರೂಪ. ಪ್ರತಿಯೊಂದಕ್ಕೂ ಪಠ್ಯ, ಕ್ರೆಡಿಟ್, ಅಂಕಗಳ ಹಂಚಿಕೆ, ಜಾರಿಯಾದ ದಿನ, ಮುಗಿದ ದಿನ. ಮೂರನೆಯದು ನಡೆಸಿದ ರೀತಿ: ಯಾವ ಕಾಲೇಜು, ಯಾವ ಸೆಮಿಸ್ಟರ್, ಯಾವ ಮಾಧ್ಯಮ, ಎಂಥ ಮೌಲ್ಯಮಾಪನ. ನಾಲ್ಕನೆಯದು ವಿದ್ಯಾರ್ಥಿಯ ನೋಂದಣಿ: ಇವನು ಈ ಆವೃತ್ತಿಗೆ, ಈ ರೀತಿಯಲ್ಲಿ, ಈ ವಿಶೇಷ ಅನುಕೂಲಗಳೊಂದಿಗೆ ಸೇರಿದ್ದಾನೆ. ಆಗ 'ಒಬ್ಬನಿಗೆ ಒಂದೇ ಸ್ಕೀಮು' ಎಂಬ ನಿರ್ಬಂಧ ತಾನಾಗಿಯೇ ಬೀಳುತ್ತದೆ. ಒಬ್ಬನೇ ವಿದ್ಯಾರ್ಥಿ ಸಿದ್ಧಾಂತವನ್ನು ಒಂದು ಆವೃತ್ತಿಯಲ್ಲಿ, ಪ್ರಾಯೋಗಿಕವನ್ನು ಇನ್ನೊಂದರಲ್ಲಿ ಮುಗಿಸಿರುವುದನ್ನು ವ್ಯವಸ್ಥೆ ತಕರಾರಿಲ್ಲದೆ ಹಿಡಿದಿಡಬಲ್ಲದು.

ಇವುಗಳ ಮೇಲೆ ತತ್ಸಮತೆಯ ಕೋಷ್ಟಕ. ಗಣಿತದಲ್ಲಿ ಅ = ಆ ಎಂದರೆ ಆ = ಅ. ಪಠ್ಯಪತ್ರಿಕೆಗಳಲ್ಲಿ ಹಾಗಲ್ಲ. ಕಠಿಣವಾದುದನ್ನು ಮುಗಿಸಿದವನಿಗೆ ಸುಲಭವಾದುದರಿಂದ ವಿನಾಯಿತಿ ಕೊಡಬಹುದು, ತಿರುವುಮುರುವು ಮಾಡಲಾಗದು. ಒಂದಕ್ಕೆ ಎರಡು, ಎರಡಕ್ಕೆ ಒಂದು ಎಂಬ ಸಂಬಂಧಗಳೂ ಬರುತ್ತವೆ. ಸಿದ್ಧಾಂತ, ಪ್ರಾಯೋಗಿಕ, ಆಂತರಿಕ ಅಂಕಗಳನ್ನು ಬೇರೆ ಬೇರೆಯಾಗಿ ಹೇಳಬೇಕು. ಯಾವ ಅಧ್ಯಯನ ಮಂಡಳಿ ಯಾವ ದಿನ ಇದನ್ನು ಒಪ್ಪಿತು ಎಂಬುದೂ ಅಲ್ಲೇ ಇರಬೇಕು. ಹಳೆಯ ಪಠ್ಯಕ್ರಮದ ಮೇಲೆ ಹೊಸದನ್ನು ಬರೆದು ಅಳಿಸುವುದಂತೂ ಕೂಡದು; ಹೊಸ ಆವೃತ್ತಿ ಸೇರಬೇಕು, ಹಳೆಯದು ಹಾಗೆಯೇ ಉಳಿಯಬೇಕು. ರಿಜಿಸ್ಟರಿನ ಮೊದಲ ಗುಣ ಅದೇ ತಾನೆ.

ಕೊನೆಯದಾಗಿ, ಎಷ್ಟು ಚೆನ್ನಾಗಿ ಯೋಚಿಸಿದರೂ ನಾವು ಊಹಿಸದ ಒಬ್ಬ ವಿದ್ಯಾರ್ಥಿ ಬಂದೇ ಬರುತ್ತಾನೆ. ಅವನಿಗಾಗಿ ಒಂದು ಷರಾ ಕಾಲಂ ಇರಬೇಕು. ಯಾರು ಬರೆದರು, ಏಕೆ ಬರೆದರು, ಯಾವ ಆದೇಶದ ಮೇಲೆ ಎಂಬ ವಿವರಗಳೊಂದಿಗೆ. ಒಂದೇ ಬಗೆಯ ಷರಾ ಹತ್ತು ಸಲ ಬಂದರೆ ಅದು ನಿಯಮವಾಗಬೇಕಾದ ಕಾಲ ಬಂದಿದೆ ಎಂದು ತಿಳಿಯಬೇಕು. ಪ್ರಯೋಗಶಾಲೆಯಲ್ಲಿ ನಾವು ಮಾಡುವುದೂ ಇದನ್ನೇ. ರೇಖೆಯ ಮೇಲೆ ಕೂರದ ಬಿಂದುವನ್ನು ಅಳಿಸಬೇಡಿ, ಗುರುತು ಮಾಡಿಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಅಂಥ ಬಿಂದುಗಳು ಮತ್ತೆ ಮತ್ತೆ ಬಂದರೆ ತಪ್ಪಿರುವುದು ಬಿಂದುವಿನಲ್ಲಲ್ಲ, ರೇಖೆಯಲ್ಲಿ.

ಇದೆಲ್ಲ ಕಂಪ್ಯೂಟರ್ ತಜ್ಞರ ಕೆಲಸ ಎಂದು ಅಧ್ಯಾಪಕರು ಕೈತೊಳೆದುಕೊಳ್ಳುವಂತಿಲ್ಲ. ಯಾವುದು ಯಾವುದಕ್ಕೆ ಸಮ ಎಂದು ಹೇಳಬಲ್ಲವರು ಅದನ್ನು ಕಲಿಸಿದವರು ಮಾತ್ರ. ಪಠ್ಯಕ್ರಮ ಬದಲಿಸುವ ಸಭೆಗಳಲ್ಲಿ ಹೊಸ ಪತ್ರಿಕೆಗಳ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ನಾವು, ತತ್ಸಮತೆಯ ಪಟ್ಟಿಗೆ ಕೊನೆಯ ಹತ್ತು ನಿಮಿಷಗಳನ್ನು ಉಳಿಸುತ್ತೇವೆ. ಈಗ ಅಂಥ ಸಭೆಗಳಿಗೆ ಹೋದಾಗ ಆ ಪಟ್ಟಿಯನ್ನು ಮೊದಲ ವಿಷಯವಾಗಿ ತೆಗೆದುಕೊಳ್ಳಿರೆಂದು ನಾನು ಕೇಳುತ್ತೇನೆ. ಪ್ರಾಯೋಗಿಕದ ಕಾಲಂ ತುಂಬಿದೆಯೇ ಎಂದು ಎರಡು ಸಲ ನೋಡಿ ಸಹಿ ಹಾಕುತ್ತೇನೆ.